ದಿನದ ಗಡಿಬಿಡ್ಯಾಗ ಸ್ಕ್ರಾಪ್‌ಬುಕ್ಕಿಗೆ ಟೈಮ್ ಎಲ್ಲಿಂದ ತರೋದ್ರಿ?

ಗವಿಗುಡ್ಡ · ಕೊಪ್ಪಳ
ನೇರವಾಗೇ ಕೇಳ್ತೀನ್ರಿ. ನಸುಕಿನ್ಯಾಗ ನೀರು ಹಿಡಿಯೋದು, ಡಬ್ಬಿ ಕಟ್ಟೋದು, ಆಫೀಸು, ಸಂಜಿಗೆ ಸಂತಿ, ಹುಡುಗರ ಹೋಂವರ್ಕ್. ಇಷ್ಟಾದಮ್ಯಾಲೆ ಕೈಯಾಗ ಉಳಿಯೋದು ರಾತ್ರಿ ಇಪ್ಪತ್ತು-ಮೂವತ್ತು ನಿಮಿಷ. ಅಷ್ಟರಾಗ ಸ್ಕ್ರಾಪ್‌ಬುಕ್, ಅಂದ್ರ ಫೋಟೊ, ಟಿಕೀಟು, ಚೀಟಿ ಅಂಟಿಸಿ ಬರಿಯೋ ನೆನಪಿನ ಪುಸ್ತಕ, ಮುಂದಕ್ಕ ಹೋಗಬೇಕಂದ್ರ ಕೆಲಸ ಹೆಂಗ ಹಂಚಿಕೊಳ್ಳಬೇಕು?

ಪರಿಸ್ಥಿತಿ ಹಿಂಗೈತಿ: ಬ್ಯಾರೆ ಟೇಬಲ್ ಇಲ್ಲ, ಊಟದ ಜಾಗದಾಗ ಹರವಿಕೊಂಡು ಕುಂಡ್ರಬೇಕು. ಫ್ಯಾನ್ ಹಾಕಿದ್ರ ಹಾಳಿ ಹಾರ್ತಾವ, ಆರಿಸಿದ್ರ ಕುಂಡ್ರಾಕ ಆಗಂಗಿಲ್ಲ. ಕಿಟಕಿ ತೆಗದ್ರ ದೂಳು. ಫೋನಿನ್ಯಾಗ ಫೋಟೊ ಸಾವಿರಗಟ್ಟಲೆ. "ಐತವಾರ ಮಾಡ್ರಿ" ಅನ್ನೋ ಸಲಹಾ ಮಾತ್ರ ಬ್ಯಾಡ. ಐತವಾರ ಅಂದ್ರ ಎಲ್ಲಾ ದಿನಕ್ಕಿಂತ ಬಿಜಿ ದಿನ.

ಕಾಗದಕತ್ತರಿ · ಬಳ್ಳಾರಿ
ಇಪ್ಪತ್ತು ನಿಮಿಷ ಸಾಕು. ಆದ್ರೆ ಆ ಇಪ್ಪತ್ತು ನಿಮಿಷದಲ್ಲಿ ಒಂದೇ ಥರದ ಕೆಲಸ ಇರಬೇಕು. ಅಂಟಿಸೋದಕ್ಕೆ ಹಿಡಿಯೋ ಟೈಮ್ ಬಹಳ ಕಮ್ಮಿ. ಸಾಮಾನು ತೆಗೆದು ಹರವೋದು, ಯಾವ ಫೋಟೊ, ಎಲ್ಲಿ ಇಡೋದು, ಯಾವ ಬಣ್ಣದ ಹಾಳೆ ಅಂತ ಯೋಚನೆ ಮಾಡೋದು, ಮತ್ತೆ ಎಲ್ಲಾ ಎತ್ತಿಡೋದು. ಟೈಮ್ ತಿನ್ನೋದು ಇವು.

ಅದಕ್ಕೆ ಐದು ಕೆಲಸ ಬೇರೆ ಬೇರೆ ಮಾಡ್ಕೊಳ್ರಿ: ಆರಿಸೋದು, ಪ್ರಿಂಟ್ ಹಾಕಿಸೋದು, ಕತ್ತರಿಸೋದು, ಅಂಟಿಸೋದು, ಬರೆಯೋದು. ಆರಿಸೋದಕ್ಕೆ ಟೇಬಲ್ ಬೇಡ, ಬಸ್‌ನಲ್ಲಿ ಕುಂತು ಆಗುತ್ತೆ. ಫೋನಲ್ಲಿ ತಿಂಗಳ ಹೆಸರಿನ ಒಂದು ಆಲ್ಬಂ ಮಾಡಿ, ತಿಂಗಳಿಗೆ 12 ಫೋಟೊ ಅಂತ ಮಿತಿ ಹಾಕ್ಕೊಳ್ರಿ. ಹದಿಮೂರನೇದು ಬೇಕಂದ್ರೆ ಒಂದನ್ನ ತೆಗೀಬೇಕು. ವರ್ಷಕ್ಕೆ 144 ಆಗುತ್ತೆ, ಅದು ಒಂದು ಪುಸ್ತಕಕ್ಕೆ ತುಂಬಾ ಸರಿಯಾದ ಲೆಕ್ಕ.

ಪ್ರಿಂಟ್ ತಿಂಗಳಿಗೆ ಒಂದೇ ಸಲ. ಬಂದ ಪ್ರಿಂಟೆಲ್ಲಾ ಒಂದು ರಾತ್ರಿ ಕತ್ತರಿಸಿ ಕವರ್‌ಗೆ ಹಾಕಿ, ಮೇಲೆ ತಿಂಗಳು ಬರೆದಿಡ್ರಿ. ಇನ್ನೊಂದು ರಾತ್ರಿ ಬರೀ ಅಂಟಿಸೋದು. ಒಂದು ಪುಟ ಆರಂಭದಿಂದ ಕೊನೆತನಕ ಮುಗಿಸಿ ಆಮೇಲೆ ಮುಂದಿನ ಪುಟ ಅಂತ ಹೋದ್ರೆ ಕತ್ತರಿ, ಟೇಪು, ಪೆನ್ನು ಪ್ರತಿ ಪುಟಕ್ಕೂ ಎತ್ತಿ ಇಳಿಸೋದೇ ಆಗುತ್ತೆ.

ಸಾಮಾನು ಒಂದೇ ಜಿಪ್ ಪೌಚ್‌ನಲ್ಲಿ: ಸಣ್ಣ ಕತ್ತರಿ, 6 ಮಿಮೀ ಡಬಲ್ ಟೇಪು (ಎರಡೂ ಕಡೆ ಅಂಟಿರೋದು), 15 ಸೆಂಮೀ ಸ್ಟೀಲ್ ಪಟ್ಟಿ, ಒಂದು ಪಿಗ್ಮೆಂಟ್ ಪೆನ್ನು (ಒಣಗಿದ ಮೇಲೆ ಹರಡದ ಶಾಯಿಯದು), ಪೆನ್ಸಿಲ್. ಇಷ್ಟೇ. ಸ್ಟಿಕರ್, ರಿಬ್ಬನ್, ಮಣಿ ಇನ್ನೊಂದು ಡಬ್ಬಿಗೆ ಹೋಗಲಿ.

ಸಿಂಧನೂರು_ಸಂಜೆ
ಸೈಜು ಒಂದ ಇಟಗೋರಿ. ಎ4 ಹಾಳಿಮ್ಯಾಲೆ ನಾಕು 4×6 ಇಂಚಿನ ಫೋಟೊ, ಎಲ್ಲಾ ಪುಟಕ್ಕೂ ಅದ. ಯೋಚನಿ ಮಾಡೋದ ಬ್ಯಾಡ.

ಅಳತೆಪಟ್ಟಿ · ರಾಯಚೂರು
ನಾಕು ಹಿಡಿಯಂಗಿಲ್ಲರಿ. 4×6 ಅಂದ್ರ 102×152 ಮಿಮೀ. ಎ4 ಅಂದ್ರ 210×297. ಉದ್ದಕ್ಕ ಎರಡಿಟ್ರ 304 ಆಗತೈತಿ, ಹಾಳಿಗಿಂತ 7 ಮಿಮೀ ಹೊರಗ. ಅಗಲಕ್ಕ 204, ಎರಡೂ ಕಡೆ ಸೇರಿ ಉಳಿಯೋದು 6 ಮಿಮೀ. ಪಂಚ್ ಎಲ್ಲಿ ಹೊಡೀತೀರಿ?

ಈ ಅಳತಿ ಹಿಡೀರಿ. ಎಡಕ್ಕ ಬೈಂಡಿಂಗಿಗೆ 25 ಮಿಮೀ ಬಿಡ್ರಿ, ಮ್ಯಾಲೆ 15. ಅಡ್ಡ 4×6 ಒಂದು, 5 ಮಿಮೀ ಬಿಟ್ಟು ಅದರ ಕೆಳಗ ಇನ್ನೊಂದು. ಎತ್ತರ 102+5+102 = 209. ಬಲಕ್ಕ 33 ಮಿಮೀ ಉಳೀತೈತಿ, ದಿನಾಂಕಕ್ಕ ಇಲ್ಲಾ ಟಿಕೀಟಿಗೆ ಅದು ಜಾಗ. ಕೆಳಗ 73 ಮಿಮೀ, ಏಳು ಸಾಲು ಆರಾಮ ಬರೀಬಹುದು.

ಈ ಅಳತೀದು ಒಂದು ಕೊರೆಯಚ್ಚು ರಟ್ಟಿನ್ಯಾಗ ಕೊರದು ಇಟಗೋರಿ. ಹಾಳಿಮ್ಯಾಲಿಟ್ಟು ನಾಕು ಮೂಲಿಗೆ ಪೆನ್ಸಿಲ್ ಚುಕ್ಕಿ ಇಟ್ರ ಮುಗೀತು, ಪಟ್ಟಿ ಹಿಡಿಯೋದ ಬ್ಯಾಡ. ಹಾಳಿ ಹಿಂಬದಿಗೆ ಅಚ್ಚು ತಿರುವಿ ಇಡ್ರಿ, ಬೈಂಡಿಂಗ್ ಅಂಚು ತಾನ ಸರಿಹೋಗತೈತಿ.

ಸಿಂಧನೂರು_ಸಂಜೆ
ಹಂಗಾರ ಪುಟಕ್ಕ ಎರಡ ಫೋಟೊ ಆತಲ್ಲ. 144ಕ್ಕ 72 ಪುಟ. ಭಾಳ ದಪ್ಪ ಆಗತೈತಿ.

ಅಳತೆಪಟ್ಟಿ · ರಾಯಚೂರು
ಅದಕ್ಕೂ ದಾರಿ ಐತಿ, ಅದೂ ಇದ ಅಚ್ಚಿನ್ಯಾಗ. 3×4 ಇಂಚಿನ ಎರಡು ನಿಂತ ಫೋಟೊ ಪಕ್ಕಪಕ್ಕ ಇಟ್ರ ಸರಿಯಾಗಿ ಒಂದು ಅಡ್ಡ 4×6 ಆಗತೈತಿ. ಅಂದ್ರ ಅದ ಜಾಗದಾಗ ಎರಡರ ಬದ್ಲಿ ನಾಕು. ಫೋನಿನ ಕೊಲಾಜ್ ಆಪ್‌ನ್ಯಾಗ 1800×1200 ಪಿಕ್ಸೆಲ್ ಹಾಳಿ ಮಾಡಿ ಎರಡು ನಿಂತ ಫೋಟೊ ಹಾಕಿ, ಒಂದು 4×6 ಪ್ರಿಂಟ್ ಅಂತ ಕೊಡ್ರಿ. ಬಂದಮ್ಯಾಲೆ ನಡುವ ಒಂದು ಕೊಯ್ತ. ಎಲ್ಲಾ ಪುಟ ಹಂಗ ಮಾಡಿದ್ರ 36 ಪುಟ, ಅಂದ್ರ 18 ಹಾಳಿ.

ಇದರಾಗ ಇನ್ನೊಂದು ಲಾಭ. ಬಹಳಷ್ಟು ಫೋನ್ ತೆಗೆಯೋದು 4:3 ಫೋಟೊ. 3×4 ಪ್ರಿಂಟೂ ಅದ ಅನುಪಾತ, ಏನೂ ಕತ್ತರಿಸಿ ಹೋಗಂಗಿಲ್ಲ.

ಮಾನ್ವಿ_ಮಲ್ಲಿಗೆ
ಓ, 4×6 ಪ್ರಿಂಟಿನ್ಯಾಗ ನಿಂತೋರ ತಲಿ ಅರ್ಧ ಕಟ್ಟಾಗಿ ಬರೋದು ಇದಕ್ಕೇನು?

ಅಳತೆಪಟ್ಟಿ · ರಾಯಚೂರು
ಹೌದು. 4:3 ಫೋಟೊ 6 ಇಂಚು ಅಗಲ ಬರಬೇಕಂದ್ರ ಎತ್ತರ ನಾಕೂವರಿ ಬೇಕು. ಪೇಪರ್ ನಾಕ ಇಂಚು. ಮ್ಯಾಲೆ ಕಾಲು ಇಂಚು, ಕೆಳಗ ಕಾಲು ಇಂಚು ಮಶೀನ್ ತಾನ ಹೊಡೀತೈತಿ. ಗ್ರೂಪ್ ಫೋಟೊದಾಗ ಹಿಂದಿನ ಸಾಲಿನೋರ ತಲಿ ಇರೋದ ಆ ಕಾಲು ಇಂಚಿನ್ಯಾಗ. ಲ್ಯಾಬಿನೋರಿಗೆ "ಕ್ರಾಪ್ ಬ್ಯಾಡ, ಬಿಳಿ ಅಂಚು ಬಂದ್ರೂ ನಡೀತೈತಿ" ಅಂತ ಮೊದ್ಲ ಹೇಳ್ರಿ.

ಸಂಡೂರು_ಸಾಲು
ವಾಟ್ಸಾಪ್‌ನಲ್ಲಿ ಬಂದ ಫೋಟೊ ಪ್ರಿಂಟ್ ಹಾಕಿಸ್ಬೇಡಿ, ಮಸುಕಾಗುತ್ತೆ.

ಕಾಗದಕತ್ತರಿ · ಬಳ್ಳಾರಿ
ಸಾರಾಸಗಟಾಗಿ ಹಂಗೆ ಹೇಳೋಕಾಗಲ್ಲ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ್ರೂ ಉದ್ದದ ಕಡೆ ಸುಮಾರು 1600 ಪಿಕ್ಸೆಲ್ ಉಳಿದಿರುತ್ತೆ. 6 ಇಂಚಿಗೆ ಹಂಚಿದ್ರೆ ಇಂಚಿಗೆ 266. ಲ್ಯಾಬ್ ಕೇಳೋದು 300, ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. 3×4ಕ್ಕಂತೂ ಧಾರಾಳ. ಅದೇ ಫೋಟೊ 8×12 ಹಾಕಿಸಿದ್ರೆ ಇಂಚಿಗೆ 133, ಆಗ ನೀವು ಹೇಳಿದ್ದು ಸರಿ. ಕೈಯಿಂದ ಕೈಗೆ ಫಾರ್ವರ್ಡ್ ಆಗಿ ಬಂದಿದ್ದು, ಸ್ಟೇಟಸ್‌ನಿಂದ ಸ್ಕ್ರೀನ್‌ಶಾಟ್ ಹೊಡೆದಿದ್ದು ಬೇರೆ ಮಾತು. ಮದುವೆ ಫೋಟೊ ಬೇಕಾದ್ರೆ "ಡಾಕ್ಯುಮೆಂಟ್ ಆಗಿ ಕಳಿಸ್ರಿ" ಅಂತ ಕೇಳಿ, ಮೂಲ ಫೈಲೇ ಬರುತ್ತೆ.

ಮೂರು_ಪಾಳಿ · ತೋರಣಗಲ್ಲು
ಶಿಫ್ಟ್ ಕೆಲಸದವರಿಗೆ "ದಿನಾ ರಾತ್ರಿ ಇಪ್ಪತ್ತು ನಿಮಿಷ" ಅನ್ನೋ ಲೆಕ್ಕ ನಡೆಯೋದಿಲ್ಲ. ಪಾಳಿ ಪ್ರಕಾರ ಕೆಲಸ ಹಂಚಬೇಕು.

6ರಿಂದ 2ರ ಪಾಳಿ ವಾರ: ಮಧ್ಯಾಹ್ನ ಬಂದು ಊಟ ಆದಮೇಲೆ ಕತ್ತರಿಸೋದು. ಬಿಸಿಲಿರುತ್ತೆ, ಅಂಟಿಸೋದಕ್ಕೆ ಒಳ್ಳೇ ಹೊತ್ತಲ್ಲ. 2ರಿಂದ 10ರ ಪಾಳಿ ವಾರ: ಬೆಳಿಗ್ಗೆ ಪೂರ್ತಿ ಖಾಲಿ, ಕಿಟಕಿ ಬೆಳಕೂ ಇರುತ್ತೆ. ಅಂಟಿಸೋದು, ಹಳೇ ಫೋಟೊ ಮೊಬೈಲಲ್ಲಿ ತೆಗೆಯೋದು ಆಗ. 10ರಿಂದ 6ರ ಪಾಳಿ ವಾರ: ಕಟ್ಟರ್ ಮುಟ್ಟಲೇಬಾರದು. ನಿದ್ದೆಗಣ್ಣಲ್ಲಿ ಸ್ಟೀಲ್ ಪಟ್ಟಿ ಜಾರಿದ್ರೆ ಬೆರಳೇ ಹೋಗುತ್ತೆ. ಆ ವಾರ ಫೋನಲ್ಲಿ ಆರಿಸೋದು, ಬೇಡದ್ದು ಅಳಿಸೋದು ಅಷ್ಟೇ.

ಮೂರು ವಾರಕ್ಕೆ ಒಂದು ಸುತ್ತು ಆಗುತ್ತೆ. ತಿಂಗಳ ಲೆಕ್ಕ ಬಿಟ್ಟು ಸುತ್ತಿನ ಲೆಕ್ಕ ಹಿಡಿದ್ರೆ ಪುಸ್ತಕ ತಪ್ಪದೇ ಮುಂದೆ ಹೋಗುತ್ತೆ.

ಎರೆಹೊಲ · ಲಿಂಗಸುಗೂರು
ಹೊಲ ಇದ್ದೋರದು ಬ್ಯಾರೆ ಲೆಕ್ಕರಿ. ಬಿತ್ತಿಗಿ, ರಾಶಿ ಟೈಮಿನ್ಯಾಗ ಏನೂ ಆಗಂಗಿಲ್ಲ. ಆಗ ಒಂದ ಕೆಲಸ: ದೊಡ್ಡ ಕವರ್ ಬಾಗ್ಲ ಹಿಂದ ತೂಗಹಾಕ್ರಿ, ಟಿಕೀಟು, ಚೀಟಿ, ಪತ್ರಿಕಿ, ಬೀಜದ ಪಾಕೀಟಿನ ಚಿತ್ರ ಏನ ಸಿಗತೈತಿ ಅದರಾಗ ಹಾಕ್ರಿ. ಹಿಂದ ಪೆನ್ಸಿಲ್ಲಿನ್ಯಾಗ ತಾರೀಖು. ಅಷ್ಟ ಸಾಕು. ತಾರೀಖು ಇಲ್ಲದ ಚೀಟಿ ಆರು ತಿಂಗಳಿಗೆ ಕಸ ಆಗತೈತಿ.

ನದಿದಂಡೆ · ಗಂಗಾವತಿ
ಇಷ್ಟೆಲ್ಲ ಯಾಕ್ರಿ, ಡಿಜಿಟಲ್ ಫೋಟೊಬುಕ್ ಮಾಡಿಸಿಬಿಡ್ರಿ. ಆಪ್‌ನ್ಯಾಗ ಫೋಟೊ ಹಾಕಿದ್ರ ಮನಿಗೇ ಬರತೈತಿ. ಅಂಟಿಲ್ಲ, ದೂಳಿಲ್ಲ.

ಮಾನ್ವಿ_ಮಲ್ಲಿಗೆ
ಲಗ್ನಪತ್ರಿಕಿ, ಬನ್ನಿ ಎಲಿ, ಹುಡುಗರ ಮೊದಲ್ನೇ ಅಕ್ಷರದ ಹಾಳಿ ಆಪ್‌ನ್ಯಾಗ ಹೆಂಗ ಹಾಕ್ತೀರಿ?

ನದಿದಂಡೆ · ಗಂಗಾವತಿ
ಫೋಟೊ ಹೊಡದು ಹಾಕೋದು.

ಕಾಗದಕತ್ತರಿ · ಬಳ್ಳಾರಿ
ಫೋಟೊ ಮಾತ್ರ ಇರೋ ಪ್ರವಾಸಕ್ಕೆ ಫೋಟೊಬುಕ್ ಚೆನ್ನಾಗೇ ಇರುತ್ತೆ, ಅದನ್ನ ಒಪ್ಪಲೇಬೇಕು. ಆದ್ರೆ ಟೈಮ್ ಉಳಿಯುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಆರಿಸೋದು, ಜೋಡಿಸೋದು, ಬರೆಯೋದು ಅಲ್ಲೂ ಇದೆ. ಉಳಿಯೋದು ಕತ್ತರಿಸಿ ಅಂಟಿಸೋ ಭಾಗ ಮಾತ್ರ, ಅದೇ ಎಲ್ಲಕ್ಕಿಂತ ಬೇಗ ಆಗೋ ಭಾಗ. ಇನ್ನೊಂದು, ಕನ್ನಡ ಅಕ್ಷರ ಕೆಲವು ಆಪ್‌ನಲ್ಲಿ ಒತ್ತು ಒಡೆದು ಬರುತ್ತೆ. ಆರ್ಡರ್ ಕೊಡೋ ಮುಂಚೆ ಪ್ರೀವ್ಯೂನಲ್ಲಿ "ಕ್ಷ", "ಸ್ತ್ರ", "ರ್ಮ" ಇರೋ ಪದ ಹಾಕಿ ನೋಡ್ರಿ.

ಚಿತ್ತಾರ_ಕಿನ್ನಾಳ
ಪಾಕೆಟ್ ಹಾಳಿ ಆಲ್ಬಂ ಯಾರೂ ಹೇಳ್ಲಿಲ್ಲ. 4×6, 3×4 ಕಿಸೆ ಇರೋ ಪ್ಲಾಸ್ಟಿಕ್ ಹಾಳಿ, ಫೋಟೊ ಒಂದರಾಗ, ಬರದ ಕಾರ್ಡ್ ಇನ್ನೊಂದರಾಗ ತೂರಿಸಿದ್ರ ಆತು. ಹುಡುಗರ ಗಲಾಟಿ ನಡುವೂ ಆಗೋ ಕೆಲಸ. ಅಂಟು ಸೋಕಂಗಿಲ್ಲ, ತಪ್ಪಾದ್ರ ಹೊರಗ ತೆಗೀಬಹುದು.

ಸಂಡೂರು_ಸಾಲು
ಅದು ಫೋಟೊ ಆಲ್ಬಂ. ಸ್ಕ್ರಾಪ್‌ಬುಕ್ ಅಂತ ಕರೀಬಾರದು.

ಚಿತ್ತಾರ_ಕಿನ್ನಾಳ
ಬರಹ ಐತಿ, ಟಿಕೀಟು ಐತಿ, ಚೀಟಿ ಐತಿ, ಕೈಲೆ ಕೊರದ ಚಿತ್ರ ಐತಿ. ಅಂಟು ಇಲ್ಲಂದ ಕೂಡ್ಲೆ ಸ್ಕ್ರಾಪ್‌ಬುಕ್ ಅಲ್ಲೇನು? ಅಮೆರಿಕದಾಗ ಮಾರ್ಕ್ ಟ್ವೇನ್ 1873ರಾಗ ತಾನ ಅಂಟಿಕೊಳ್ಳೋ ಸ್ಕ್ರಾಪ್‌ಬುಕ್ಕಿಗೆ ಪೇಟೆಂಟ್ ತಗೊಂಡಿದ್ದ. ಹಾಳಿಮ್ಯಾಲೆ ಮೊದ್ಲ ಅಂಟು ಇರ್ತಿತ್ತು, ಒದ್ದಿ ಮಾಡಿ ಒತ್ತಿದ್ರ ಆತು. ಅಂಟಿನ ರಗಳಿ ತಪ್ಪಿಸೋ ಆಸೆ ಆಗಿಂದೂ ಐತಿ, ಅದರಾಗ ಕೀಳು ಏನಿಲ್ಲ.

ಬೈಂಡಿಂಗ್_ಬೀದಿ · ಬಳ್ಳಾರಿ
ಪಾಕೆಟ್ ಹಾಳೆ ತಗೊಳ್ಳಿ, ಆದ್ರೆ ಪ್ಲಾಸ್ಟಿಕ್ ಯಾವುದು ಅಂತ ನೋಡಿ ತಗೊಳ್ಳಿ. ಪಿವಿಸಿ ಬೇಡ. ಅದನ್ನ ಮೆತ್ತಗೆ ಮಾಡೋಕೆ ಸೇರಿಸಿದ ಎಣ್ಣೆಯಂಥ ವಸ್ತು ಶಾಖಕ್ಕೆ ಹೊರಗೆ ಬರುತ್ತೆ, ಫೋಟೊ ಪ್ಲಾಸ್ಟಿಕ್‌ಗೆ ಹತ್ತಿಕೊಳ್ಳುತ್ತೆ. ನಮ್ಮ ಕಡೆ ಬೇಸಿಗೆ 40 ದಾಟುತ್ತೆ, ಇಲ್ಲಿ ಅದು ಇನ್ನೂ ಬೇಗ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಇರಲಿ. ಹೊಸ ಶವರ್ ಕರ್ಟನ್ ಥರ ಘಾಟು ವಾಸನೆ ಬಂದ್ರೆ ಅದು ಪಿವಿಸಿ ಅಂತ ಅನುಮಾನಪಡಿ.

ಇಂಕ್‌ಜೆಟ್‌ನಲ್ಲಿ ಮನೆಯಲ್ಲೇ ಪ್ರಿಂಟ್ ತೆಗೆದಿದ್ರೆ ಒಂದು ದಿನ ಹೊರಗೆ ಆರಲಿ, ಆಮೇಲೆ ಕಿಸೆಗೆ. ಇಲ್ಲಾಂದ್ರೆ ಒಳಗೆ ಮಂಜು ಕಟ್ಟಿದ ಹಾಗೆ ಆಗುತ್ತೆ.

ಗವಿಗುಡ್ಡ · ಕೊಪ್ಪಳ
ಕೊರೆಯಚ್ಚು, ಪೌಚ್, ತಿಂಗಳಿಗೆ 12 ಫೋಟೊ. ಇವು ಮೂರೂ ನಾಳಿಂದನ ಆಗೋವು. ಆದ್ರ ಬರೆಯೋದು? ಅದ ಭಾಳ ಟೈಮ್ ತಗೊಳ್ತೈತಿ. ಪೆನ್ ಹಿಡಿದು ಕುಂತ್ರ ಏನ ಬರೀಬೇಕು ಅನ್ನೋದ ಹೊಳಿಯಂಗಿಲ್ಲ.

ಶಾಲಾ_ಹಲಗೆ · ಯಲಬುರ್ಗಾ
ಬರೆಯೋದನ್ನ ಕೊನೆಗೆ ಇಡ್ಬೇಡ್ರಿ, ಮೊದಲಿಗೆ ತರ್ರಿ. ಫೋಟೊ ತೆಗೆದ ದಿನ ರಾತ್ರಿ ಮಲಗೋ ಮುಂದ ಫೋನ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಾಗ ಮಾತಾಡ್ರಿ. ಅದು ತಾನ ಬರಕೊಳ್ತೈತಿ. ನಮ್ಮ ಕಡಿ ಮಾತಿನ್ಯಾಗ ಹೇಳಿದ್ರ ಒಂದೆರಡು ಪದ ತಪ್ಪು ಬರತಾವ, ತಿದ್ದಬಹುದು.

ಏನ ಹೇಳಬೇಕು ಅಂದ್ರ: ಯಾರ್‍ಯಾರು, ಎಲ್ಲಿ, ಯಾವತ್ತು, ಮತ್ತ ಫೋಟೊದಾಗ ಕಾಣದ ಒಂದು ವಿಷಯ. ಈ ನಾಕನೇದು ಮುಖ್ಯ. "ಗವಿಮಠದ ಜಾತ್ರಿ" ಅಂತ ಬರದ್ರ ಫೋಟೊ ನೋಡಿದವರಿಗೆ ಅದು ಮೊದ್ಲ ಗೊತ್ತಿರತೈತಿ. ಅವತ್ತು ಪ್ರಸಾದಕ್ಕ ಏನಿತ್ತು, ಯಾವ ದಾರಿಲೆ ನಡಕೊಂಡು ಹೋದ್ರಿ, ಮುದುಕಿ ಏನಂದ್ಲು, ಇದು ಫೋಟೊದಾಗ ಬರಂಗಿಲ್ಲ. ಎರಡು ವಾಕ್ಯ ಸಾಕು. ಪುಟ ಅಂಟಿಸಿದಮ್ಯಾಲೆ ನೋಡಿ ನಕಲು ಮಾಡೋದಷ್ಟ ಉಳೀತೈತಿ, ಪುಟಕ್ಕ ಐದು ನಿಮಿಷದ ಕೆಲಸ.

ಜೆಲ್ ಪೆನ್ ಬ್ಯಾಡ, ಬೆವರ ಕೈಗೆ ಹರಡತೈತಿ. 0.3 ಇಲ್ಲಾ 0.5ರ ಪಿಗ್ಮೆಂಟ್ ಇಂಕಿನ ಕರಿ ಪೆನ್. ಫೋಟೊ ಹಿಂದ ಬಾಲ್‌ಪೆನ್ ಒತ್ತಿ ಬರೀಬ್ಯಾಡ್ರಿ, ಮುಂದ ಅಚ್ಚು ಏಳತೈತಿ.

ಕೋಟೆಬಾಗಿಲು · ರಾಯಚೂರು
ಊರಿನ ಹೆಸರು ಬರೆಯುವಾಗ ಜಿಲ್ಲೆಯನ್ನೂ ಬರೆಯಿರಿ, ಆದರೆ ಫೋಟೊ ತೆಗೆದ ಕಾಲದ ಜಿಲ್ಲೆ ಬರೆಯಿರಿ. 1990ರ ಕೊಪ್ಪಳದ ಫೋಟೊಕ್ಕೆ "ಕೊಪ್ಪಳ, ರಾಯಚೂರು ಜಿಲ್ಲೆ" ಎಂದೇ ಇರಬೇಕು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಸಂಡೂರು_ಸಾಲು
ಓದೋರಿಗೆ ಗೊಂದಲ ಆಗುತ್ತೆ. ಈಗಿನ ಹೆಸರೇ ಹಾಕಬೇಕು. ಹಂಪಿ ಅಂದ್ರೆ ವಿಜಯನಗರ ಜಿಲ್ಲೆ, ಮುಗೀತು.

ಕೋಟೆಬಾಗಿಲು · ರಾಯಚೂರು
ಹಂಪಿ, ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 2005ರ ಶಾಲಾ ಪ್ರವಾಸದ ಫೋಟೊದಲ್ಲಿ ಹಿಂದೆ ಕಾಣುವ ಬೋರ್ಡಿನ ಮೇಲೆ ಬಳ್ಳಾರಿ ಜಿಲ್ಲೆ ಎಂದಿದ್ದು, ಕೆಳಗೆ ನೀವು ವಿಜಯನಗರ ಎಂದು ಬರೆದರೆ ಆಗಲೇ ಹೆಚ್ಚು ಗೊಂದಲ. ಹರಪನಹಳ್ಳಿ ನೋಡಿ: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇನ್ನೂ ಹಿಂದಿನ ಕಾಗದಗಳಿಗೆ ಇದು ಇನ್ನಷ್ಟು ಅಗತ್ಯ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಗ ಬಳ್ಳಾರಿ ಜಿಲ್ಲೆಯವು, ವಿಭಜನೆಯಾದಾಗ ಆಂಧ್ರಕ್ಕೆ ಹೋದವು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಜ್ಜನ ಕಾಲದ ಕಾಗದದ ಮೇಲೆ ಉರ್ದು ಮುದ್ರೆ ಯಾಕಿದೆ ಎಂದು ಮೊಮ್ಮಕ್ಕಳಿಗೆ ಗೊತ್ತಾಗುವುದು ಈ ಒಂದು ಸಾಲಿನಿಂದ.

ಶಾಲಾ_ಹಲಗೆ · ಯಲಬುರ್ಗಾ
ಎರಡೂ ಬರೀರಿ. "ಕೊಪ್ಪಳ, ಆಗ ರಾಯಚೂರು ಜಿಲ್ಲೆ". ಜಗಳ ತೀರತೈತಿ.

ಬೈಂಡಿಂಗ್_ಬೀದಿ · ಬಳ್ಳಾರಿ
ಆ ಉರ್ದು ಮುದ್ರೆಯ ಕಾಗದ, ಪಹಣಿ, ದಸ್ತಾವೇಜು ಮೂಲಪ್ರತಿ ದಯವಿಟ್ಟು ಅಂಟಿಸಬೇಡಿ. ಕಲರ್ ಝೆರಾಕ್ಸ್ ಅಂಟಿಸಿ, ಮೂಲ ಬೇರೆ ಫೈಲಲ್ಲಿ ಮಡಚದೆ ಇಡಿ.

ಮಾನ್ವಿ_ಮಲ್ಲಿಗೆ
ಬಸ್ ಟಿಕೀಟು ಒಂದು ವರ್ಷಕ್ಕ ಪೂರಾ ಬಿಳಿ ಆಗತಾವ. ಲ್ಯಾಮಿನೇಶನ್ ಮಾಡಿಸಿದ್ರ ಉಳೀತಾವೇನ್ರಿ?

ಬೈಂಡಿಂಗ್_ಬೀದಿ · ಬಳ್ಳಾರಿ
ಬೇಡ! ಕಲ್ಯಾಣ ಕರ್ನಾಟಕ ಸಾರಿಗೆಯ ಮಶೀನ್ ಟಿಕೆಟ್ ಇರಲಿ, ಅಂಗಡಿ ಬಿಲ್ ಇರಲಿ, ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ, ಶಾಖಕ್ಕೆ ಕಪ್ಪಾಗೋ ಲೇಪ ಇದೆ. ಬಿಸಿ ಲ್ಯಾಮಿನೇಶನ್‌ಗೆ ಹಾಕಿದ್ರೆ ಇಡೀ ಟಿಕೆಟ್ ಕಪ್ಪು. ಪಿವಿಸಿ ಕವರ್‌ಗೆ ಹಾಕಿದ್ರೆ ಅಕ್ಷರ ಅಳಿಸಿಹೋಗುತ್ತೆ. ಹಿಂದೆ ಅಂಟು ಹಚ್ಚಿದ್ರೂ ಕೆಲವು ಅಂಟಿಗೆ ಅಕ್ಷರ ಮಾಯ. ಅದೇ ದಿನ ಹಗಲು ಬೆಳಕಲ್ಲಿ ಫೋಟೊ ಹೊಡೆದು, ತಿಂಗಳ 4×6 ಪ್ರಿಂಟ್ ಜೊತೆಗೇ ನಾಲ್ಕು ಟಿಕೆಟ್ ಒಂದು ಹಾಳೆಗೆ ಸೇರಿಸಿ ಹಾಕಿಸಿ.

ಮಾನ್ವಿ_ಮಲ್ಲಿಗೆ
ಲಗ್ನಪತ್ರಿಕಿ? ನಾಕು ಮೂಲಿಗೆ ಅರಿಷಿಣ-ಕುಂಕುಮ ಇರತೈತಲ್ಲ.

ಚಿತ್ತಾರ_ಕಿನ್ನಾಳ
ಅರಿಷಿಣ ಬೆಳಕಿಗೆ ಮಾಸತೈತಿ, ಆದ್ರ ಅದಕ್ಕೂ ಮೊದಲು ಎದುರಿನ ಪುಟಕ್ಕ ಕಲಿ ಮಾಡತೈತಿ. ಒಣ ಮೆತ್ತನ ಬ್ರಷ್‌ಲೆ ಪುಡಿ ಝಾಡಿಸಿ, ಪಾಲಿಪ್ರೊಪಿಲೀನ್ ಕಿಸೆಯಾಗ ಹಾಕಿ ಕಿಸೆ ಅಂಟಿಸ್ರಿ, ಪತ್ರಿಕಿ ಅಂಟಿಸಬ್ಯಾಡ್ರಿ. ದಪ್ಪ ಪತ್ರಿಕಿ ಆದ್ರ ಮುಖಪುಟ ಮತ್ತ ಹೆಸರಿರೋ ಭಾಗ ಎರಡ ಕತ್ತರಿಸಿ ಇಟಗೋರಿ. ಲಕೋಟಿ, ಒಳಗಿನ ರಟ್ಟು ಬ್ಯಾಡ.

ದಸರಾ ಬನ್ನಿ ಎಲಿಯೂ ಹಂಗ. ಎರಡು ಹಳೇ ಪೇಪರ್ ನಡುವ ಇಟ್ಟು ಮ್ಯಾಲೆ ಭಾರ ಹೇರಿ, ಮೊದಲ ವಾರ ಎರಡು ಸಲ ಪೇಪರ್ ಬದಲಿಸಿ, ಎರಡು-ಮೂರು ವಾರ ಬಿಡ್ರಿ. ಒಣಗಿದಮ್ಯಾಲೆ ಸಣ್ಣ ಎಲಿ ಉದುರತಾವ, ಅದಕ್ಕ ಕಿಸೆ ಬೇಕ ಬೇಕು. ಫೋಟೊಕ್ಕ ತಾಗಂಗ ಇಡಬ್ಯಾಡ್ರಿ, ಎಲಿಯ ಆಮ್ಲ ಫೋಟೊ ಹಳದಿ ಮಾಡತೈತಿ.

ಜೀನ್ಸ್_ತುಂಡು · ಬಳ್ಳಾರಿ
ನಮ್ಮೂರಲ್ಲಿ ಡೆನಿಮ್, ಅಂದ್ರೆ ಜೀನ್ಸ್ ಬಟ್ಟೆ ತುಂಡಿಗೇನು ಬರ, ಅಲಂಕಾರಕ್ಕೆ ಅದನ್ನೇ ಬಳಸ್ರಿ. ಜೇಬು ಬಿಚ್ಚಿ ಅಂಟಿಸಿದ್ರೆ ಚೀಟಿ ಇಡೋಕೆ ಸಿದ್ಧ ಕಿಸೆ. ಮೂರು ಎಚ್ಚರಿಕೆ. ಅದರ ಇಂಡಿಗೊ ನೀಲಿ ಬಣ್ಣ ಉಜ್ಜಿದ್ರೆ ಬಿಡುತ್ತೆ, ಅದಕ್ಕೆ ನೀರು ತಿಳಿಯಾಗೋ ತನಕ ತೊಳೆದು, ಒಣಗಿಸಿ, ಇಸ್ತ್ರಿ ಹಾಕಿ ಬಳಸ್ರಿ. ಎದುರು ಪುಟದಲ್ಲಿ ಫೋಟೊ ಇದ್ರೆ ನಡುವೆ ಒಂದು ಬಿಳಿ ಹಾಳೆ. ರಿವೆಟ್, ಝಿಪ್ ತೆಗೆದುಬಿಡ್ರಿ, ಒತ್ತಿ ಗುರುತು ಬೀಳುತ್ತೆ, ಮಳೆಗಾಲದಲ್ಲಿ ತುಕ್ಕು. ಮತ್ತೆ ದಪ್ಪ ಪ್ಯಾಂಟ್ ಬಟ್ಟೆ ಮುಕ್ಕಾಲು ಮಿಲಿಮೀಟರ್ ಆಸುಪಾಸು ಇರುತ್ತೆ, ಅದು ರಟ್ಟಿನ ಮುಖಪುಟಕ್ಕೆ. ಒಳಪುಟಕ್ಕೆ ಶರ್ಟಿನ ತೆಳು ಡೆನಿಮ್.

ನದಿದಂಡೆ · ಗಂಗಾವತಿ
ಆನೆಗೊಂದಿ ಕಡೆ ಬಾಳಿನಾರಿನ ಹೆಣಿಗಿ ಸಿಗತೈತಿ, ಪುಸ್ತಕ ಕಟ್ಟಾಕ ಚಲೋ ಅನಸತೈತಿ.

ಜೀನ್ಸ್_ತುಂಡು · ಬಳ್ಳಾರಿ
ಹೊರಗೆ ಸುತ್ತಿ ಕಟ್ಟೋಕೆ ಆಗುತ್ತೆ. ಹಾಳೆ ಹೊಲಿಯೋಕೆ ಬೇಡ, ಒರಟು ನಾರು ತೂತಿನ ಅಂಚು ಸೀಳುತ್ತೆ. ಹೊಲಿಗೆಗೆ ಮೇಣ ಸವರಿದ ದಪ್ಪ ದಾರ.

ಸಿಂಧನೂರು_ಸಂಜೆ
ಅಂಟಿನ ಮಾತು ಬಿಟ್ಟೇಬಿಟ್ರಿ. ಬೇಸಿಗ್ಯಾಗ ಡಬಲ್ ಟೇಪ್ ಅಂಟು ಅಂಚಿನಿಂದ ಹೊರಗ ಬರತೈತಿ, ಪುಟಕ್ಕ ಪುಟ ಹತ್ತತಾವ.

ಬೈಂಡಿಂಗ್_ಬೀದಿ · ಬಳ್ಳಾರಿ
ಟೇಪ್ ಅಂಚಿಗೆ ಸಮ ಇಟ್ಟಾಗ ಹಂಗಾಗುತ್ತೆ. ಅಂಚಿಂದ 3 ಮಿಮೀ ಒಳಗೆ ಇಡ್ರಿ. 4×6ಕ್ಕೆ ನಾಲ್ಕು ಮೂಲೆಗೆ 15 ಮಿಮೀ ತುಂಡು ಸಾಲದು, ಒಣ ಹವೆಗೆ ಫೋಟೊ ಚಿತ್ರದ ಕಡೆಗೇ ಸುರುಳಿ ಹೊಡೆಯುತ್ತೆ, ನಡುವೆ ಎದ್ದುಬಿಡುತ್ತೆ. ಎರಡು ಉದ್ದ ಅಂಚಿಗೆ ಪೂರ್ತಿ ಪಟ್ಟಿ, ನಡುವೆ ಒಂದು ತುಂಡು.

ಫೆವಿಕಾಲ್‌ನಂಥ ಬಿಳಿ ಅಂಟಲ್ಲಿ ನೀರಿದೆ. 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ಅಳತೆ) ತೆಳು ಹಾಳೆಗೆ ಹಚ್ಚಿದ್ರೆ ಅಲೆ ಅಲೆ ಏಳುತ್ತೆ. ರಟ್ಟಿಗೆ, ಬಟ್ಟೆಗೆ ಸರಿ. ಕ್ವಿಕ್ ಅಂಟು ಬೇಡವೇ ಬೇಡ, ಅದರ ಆವಿ ಸುತ್ತ ಬಿಳಿ ಮಂಜಾಗಿ ಕೂರುತ್ತೆ. ಸೆಲ್ಲೋಟೇಪ್ ಹಳದಿ ತಿರುಗಿ ಕಲೆ ಬಿಟ್ಟು ಕಳಚಿಕೊಳ್ಳುತ್ತೆ. ಮೈದಾ ಅಂಟಿಗೆ ಹುಳ ಬರುತ್ತೆ. ಹುಳಕ್ಕೆ ಅಂತ ಬೈಂಡಿಂಗ್‌ನಲ್ಲಿ ಮೈಲುತುತ್ತ ಹಾಕೋ ಪದ್ಧತಿ ಇದೆ, ಅದು ಲೆಡ್ಜರ್‌ಗೆ ಸರಿ, ಫೋಟೊ ಹತ್ತಿರ ಬೇಡ.

ಅಜ್ಜ-ಅಜ್ಜಿಯ ಒಂದೇ ಪ್ರತಿ ಇರೋ ಫೋಟೊಗೆ ಟೇಪೂ ಬೇಡ. ಕಾಗದದ ಮೂಲೆಕಿಸೆ ಹಾಕಿ. ಟೈಮ್ ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಆದ್ರೆ ಬೇಕೆಂದಾಗ ಹೊರಗೆ ಬರುತ್ತೆ.

ಗವಿಗುಡ್ಡ · ಕೊಪ್ಪಳ
ದೂಳಿಗೆ ಏನ ಮಾಡೋದು? ಗಿಣಿಗೇರಿ ಕಾರ್ಖಾನಿ ಕಡಿಂದ ಕರಿ ದೂಳು, ರಸ್ತಿದು ಕೆಂಪು ದೂಳು.

ಮೂರು_ಪಾಳಿ · ತೋರಣಗಲ್ಲು
ಅದಿರು ಲಾರಿ ಓಡಾಡೋ ಊರುಗಳಲ್ಲಿ ಟೇಪು ಕೈಕೊಡೋದೇ ದೂಳಿಂದ. ಪುಟದ ಮೇಲೆ ಕಾಣದಷ್ಟು ಪುಡಿ ಕೂತಿರುತ್ತೆ, ಟೇಪು ಪುಡಿಗೆ ಅಂಟುತ್ತೆ, ಹಾಳೆಗೆ ಅಂಟಲ್ಲ. ಒಣ ಹತ್ತಿ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ. ಒದ್ದೆ ಬಟ್ಟೆ ಹಾಕಿದ್ರೆ ಕೆಂಪು ಕಲೆ ಒಳಗೆ ಇಳಿಯುತ್ತೆ. ಟೇಪಿನ ಮೇಲಿನ ಕಾಗದ ಮೊದಲೇ ಕಿತ್ತಿಡಬೇಡಿ, ಫೋಟೊ ಇಡೋ ಕ್ಷಣಕ್ಕೆ ಕೀಳಿ. ನಸುಕಿನಲ್ಲಿ ಗಾಳಿ, ಲಾರಿ ಎರಡೂ ಕಮ್ಮಿ, ಫ್ಯಾನ್ ಆರಿಸಿಯೂ ಕೂರಬಹುದು. ಹದಿನೈದು ನಿಮಿಷ ಸಿಕ್ಕರೆ ಅಂಟಿಸೋ ಕೆಲಸ ಆಗಲೇ.

ಎರೆಹೊಲ · ಲಿಂಗಸುಗೂರು
ಮುಗಿದ ಪುಸ್ತಕ ಅಟ್ಟದಮ್ಯಾಲೆ ಇಡಬ್ಯಾಡ್ರಿ. ಪತ್ರಾಸ್ ಮನಿ ಆದ್ರಂತೂ ಬ್ಯಾಡ. ಒಳಗೋಡಿ ಕಡಿ ಕೆಳಗಿನ ಫಳಿ, ನೆಲದಿಂದ ಒಂದು ಗೇಣು ಮ್ಯಾಲೆ. ಗೆದ್ದಲು ನೆಲದಿಂದ ಬರತೈತಿ.

ಶಾಲಾ_ಹಲಗೆ · ಯಲಬುರ್ಗಾ
ಡಾಂಬರ್ ಗುಳಿಗಿ ಹಾಕಬಹುದೇನು?

ಬೈಂಡಿಂಗ್_ಬೀದಿ · ಬಳ್ಳಾರಿ
ಫೋಟೊ, ಪ್ಲಾಸ್ಟಿಕ್ ಕಿಸೆ ಇರೋ ಪುಸ್ತಕಕ್ಕೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ ಮೆತ್ತಗೆ ಮಾಡುತ್ತೆ. ಮೂರು ತಿಂಗಳಿಗೊಮ್ಮೆ ಪುಸ್ತಕ ತೆಗೆದು ಹಾಳೆ ತಿರುವಿ ಹಾಕಿದ್ರೆ ಬೆಳ್ಳಿಹುಳ ಒಳಗೆ ಮನೆ ಮಾಡೋದಿಲ್ಲ.

ಮಾನ್ವಿ_ಮಲ್ಲಿಗೆ
ಹಳೇ ಫೋಟೊ ರಾಶಿಗೆ ಯಾವಾಗ ಕೈ ಹಾಕೋದ್ರಿ? ಮದಿವ್ಯಾಗಿಂದ ಸುರು ಮಾಡಬೇಕು ಅನ್ನೋ ಆಸೆ, ಆದ್ರ ಅಲ್ಲೇ ಸಿಕ್ಕೊಳ್ಳತೈತಿ.

ಕಾಗದಕತ್ತರಿ · ಬಳ್ಳಾರಿ
ಈ ತಿಂಗಳಿಂದ ಶುರು ಮಾಡ್ರಿ. ಹಳೇದು ಬೇರೆ ಪುಸ್ತಕ, ಬೇರೆ ಡಬ್ಬಿ, ವರ್ಷಕ್ಕೊಂದು ಕವರ್. ಹಳೇದು ಮುಗಿಸಿ ಹೊಸದಕ್ಕೆ ಬರ್ತೀನಿ ಅಂದ್ರೆ ಹೊಸದೂ ದಿನಾ ಹಳೇದಾಗ್ತಾ ಹೋಗುತ್ತೆ, ರಾಶಿ ಕರಗಲ್ಲ. ರಿಂಗ್ ಫೈಲ್ ಇಟ್ಕೊಂಡ್ರೆ ಕ್ರಮದ ಚಿಂತೆಯೂ ಇಲ್ಲ, ಯಾವ ವರ್ಷದ ಹಾಳೆ ಯಾವಾಗ ಬೇಕಾದ್ರೂ ನಡುವೆ ಸೇರಿಸಬಹುದು.

ಎಂಬತ್ತು-ತೊಂಬತ್ತರ ದಶಕದ ಅಂಟು ಪುಟದ ಆಲ್ಬಂ ಇದೆಯಲ್ಲ, ಮೇಲೆ ಪ್ಲಾಸ್ಟಿಕ್ ಪರದೆ ಎತ್ತಿ ಫೋಟೊ ಒತ್ತೋದು, ಅದನ್ನ ಮಾತ್ರ ಮುಂದೂಡಬೇಡ್ರಿ. ಆ ಅಂಟು ವರ್ಷ ಹೋದಂಗೆ ಗಟ್ಟಿ ಆಗಿ ಫೋಟೊ ಹಿಡಿದುಬಿಡುತ್ತೆ. ಮೊದಲು ಪುಟ ಪೂರ್ತಿ ಫೋಟೊ ಹೊಡೆದುಕೊಳ್ಳಿ. ಆಮೇಲೆ ಮೇಣ ಇಲ್ಲದ ಡೆಂಟಲ್ ಫ್ಲಾಸ್ ಒಂದು ಮೂಲೆಯಿಂದ ಫೋಟೊ ಹಿಂದೆ ತೂರಿಸಿ ನಿಧಾನ ಗರಗಸದಂಗೆ ಎಳೀರಿ. ಉಗುರು, ಚಾಕು ಹಾಕಬೇಡಿ. ಬಿಡದಿದ್ರೆ ಅಲ್ಲೇ ಬಿಟ್ಟು, ಹೊಡೆದ ಫೋಟೊ ಪ್ರಿಂಟ್ ಹಾಕಿಸಿ. ಗಾಜಿಗೆ ಹತ್ತಿದ ಫೋಟೊವನ್ನಂತೂ ಕೀಳಲೇಬೇಡಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ.

ಚಿತ್ತಾರ_ಕಿನ್ನಾಳ
ಹುಡುಗರನ್ನ ದೂರ ಇಡಬ್ಯಾಡ್ರಿ, ಅವರಿಗೂ ಕೆಲಸ ಕೊಡ್ರಿ. ಅಚ್ಚಿಟ್ಟು ಚುಕ್ಕಿ ಹಾಕೋದು, ಕವರಿಗೆ ತಾರೀಖು ಬರೆಯೋದು ಏಳೆಂಟು ವರ್ಷದ ಕೂಸೂ ಮಾಡತೈತಿ. ಹೋಂವರ್ಕ್ ಟೈಮಿನ ಅರ್ಧ ತಾಸು ನಿಮಗೂ ಸಿಕ್ಕಂಗಾತು.

ಗವಿಗುಡ್ಡ · ಕೊಪ್ಪಳ
ಭಾಳ ಉಪಕಾರ ಆತ್ರಿ ಎಲ್ಲರಿಂದ. ಕಡೀ ಪ್ರಶ್ನೆ ಒಂದೈತಿ. 250 ಜಿಎಸ್‌ಎಂ ಹಾಳಿ, ಎರಡೂ ಕಡೆ ಫೋಟೊ. ಹೊಲಿಸಿದ ಪುಸ್ತಕ ಆದ್ರ ಬೆನ್ನಿನ ಕಡಿ ತೆಳ್ಳಗ, ಬಾಯಿ ಕಡಿ ಉಬ್ಬಿ ಮುಚ್ಚಂಗಿಲ್ಲ. ಅದಕ್ಕೇನು?

ಬೈಂಡಿಂಗ್_ಬೀದಿ · ಬಳ್ಳಾರಿ
ಬೆನ್ನಿಗೆ ಪಟ್ಟಿ ಕೊಡಬೇಕು. ಲೆಕ್ಕ ಹಿಂಗೆ: ಲ್ಯಾಬ್ ಪ್ರಿಂಟ್ ಹತ್ತತ್ರ ಕಾಲು ಮಿಲಿಮೀಟರ್. ಎರಡೂ ಕಡೆ ಸೇರಿ ಅರ್ಧ, ಟೇಪು ಸೇರಿದ್ರೆ ಇನ್ನೂ ಸ್ವಲ್ಪ. 250 ಜಿಎಸ್‌ಎಂ ಹಾಳೆ ಹತ್ತತ್ರ 0.3 ಮಿಮೀ. ಹಂಗಾಗಿ ಅದೇ ಹಾಳೆಯ ಎರಡು ಪಟ್ಟಿ ಪ್ರತಿ ಎರಡು ಹಾಳೆಯ ನಡುವೆ ಬೆನ್ನಿನ ಕಡೆ ಇಟ್ರೆ 0.6, ಫೋಟೊ ದಪ್ಪಕ್ಕೆ ಸಮ.

ಪಟ್ಟಿ ಅಗಲ 20 ಮಿಮೀ, ಉದ್ದ ಹಾಳೆಯಷ್ಟೇ. ಅಚ್ಚಿನಲ್ಲಿ ಬೈಂಡಿಂಗಿಗೆ 25 ಬಿಟ್ಟಿದ್ದೀರಲ್ಲ, ಫೋಟೊಗೆ ತಾಗಲ್ಲ. 18 ಹಾಳೆಗೆ ನಡುವೆ 17 ಜಾಗ, ಅಂದ್ರೆ 34 ಪಟ್ಟಿ. ಎ4 ಹಾಳೆ ಉದ್ದಕ್ಕೆ ಸೀಳಿದ್ರೆ ಒಂದರಲ್ಲಿ 10 ಬರುತ್ತೆ, ನಾಲ್ಕು ಹಾಳೆ ಸಾಕು. ಕೊಯ್ಯೋ ಮುಂಚೆ ಹಾಳೆ ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿ, ಸುಲಭವಾಗಿ ಬಾಗೋ ಸಾಲು ಬೆನ್ನಿಗೆ ಸಮಾನಾಂತರ ಇರಬೇಕು, ಪುಟಕ್ಕೂ ಪಟ್ಟಿಗೂ. ಬಿಳಿ ಅಂಟು ತೆಳ್ಳಗೆ ಸವರಿ, ಮೇಲೆ ಭಾರ ಹೇರಿ ರಾತ್ರಿ ಬಿಡಿ, ಬೆಳಿಗ್ಗೆ ತೂತು ಕೊರೆದು ಹೊಲಿಸಿ.

ಗವಿಗುಡ್ಡ · ಕೊಪ್ಪಳ
ಪಟ್ಟಿ ಇವತ್ತ ರಾತ್ರಿ ಸೀಳ್ತೀನ್ರಿ.